ಬ್ಲಾಕ್ ಮೇಲಿನ 53: ಒಂದು ಬಿರುಕಿನ ಹಿನ್ನೆಲೆ

ಅಮೆರಿಕದಲ್ಲಿ 2000ನೇ ಇಸವಿ ಆಸುಪಾಸಿನ ಡಾಡ್ಜ್ ರಾಮ್ ಡೀಸೆಲ್ ಟ್ರಕ್ ಕೊಳ್ಳುವವರು ಬಾನೆಟ್ ಎತ್ತಿದ ಕೂಡಲೇ ಟಾರ್ಚ್ ಹಿಡಿದು ಇಂಜಿನ್ ಬ್ಲಾಕ್‌ನ, ಅಂದರೆ ಸಿಲಿಂಡರ್‌ಗಳಿರುವ ದೊಡ್ಡ ಎರಕದ ತುಂಡಿನ, ಪಕ್ಕಕ್ಕೆ ಬಗ್ಗುತ್ತಾರೆ. ಅಲ್ಲಿ ಎರಕದಲ್ಲೇ 53 ಅಂತ ಮೂಡಿದ್ದರೆ ಚೌಕಾಸಿ ಶುರು. ಕೆಲವರು ಹಾಗೇ ವಾಪಸ್ ಹೊರಡುತ್ತಾರೆ. ಒಂದು ಅಚ್ಚಿನ ನಂಬರಿಗೆ ಇಷ್ಟು ಕೆಟ್ಟ ಹೆಸರು ಬಂದದ್ದು ಹೇಗೆ?

ಬ್ಲಾಕ್ ಎರಕ ಹೊಯ್ಯುವುದು ಮೊದಲಿಂದಲೂ ತಲೆನೋವಿನ ಕೆಲಸ. 1932ರಲ್ಲಿ ಫೋರ್ಡ್ ವಿ8 ಬ್ಲಾಕನ್ನು ಒಂದೇ ತುಂಡಾಗಿ ಎರಕ ಹೊಯ್ಯಲು ಹೊರಟಾಗ ಶುರುವಿನಲ್ಲಿ ರಾಶಿಗಟ್ಟಲೆ ಬ್ಲಾಕ್‌ಗಳು ಗುಜರಿಗೆ ಹೋದವು. ನಲವತ್ತೈದು ವರ್ಷದ ಮೇಲೂ ತೊಂದರೆ ತಪ್ಪಲಿಲ್ಲ. 1977ರ ಮಾರ್ಚ್‌ಗೆ ಮುಂಚೆ ಮಿಷಿಗನ್‌ನಲ್ಲಿ ಎರಕವಾದ ಫೋರ್ಡ್‌ನದೇ 351ಎಂ ಮತ್ತು 400 ಇಂಜಿನ್‌ಗಳ ಬ್ಲಾಕ್‌ಗಳಲ್ಲಿ ಕೆಲವು ವಾಟರ್ ಜಾಕೆಟ್‌ನಲ್ಲೇ, ಅಂದರೆ ಸಿಲಿಂಡರ್‌ಗಳ ಸುತ್ತ ನೀರು ಹರಿಯುವ ಪೊಳ್ಳಿನ ಗೋಡೆಯಲ್ಲೇ, ಸೀಳಿದವು.

ಇಂಜಿನ್ ಒಳಗೆ ನೀರು ಓಡಾಡುವ ಜಾಗಕ್ಕೆ ಮರಳಿನ ಕೋರ್ ಇಡುತ್ತಾರೆ. ಕರಗಿದ ಬೀಡು ಕಬ್ಬಿಣ ನುಗ್ಗಿದಾಗ ಕೋರ್ ಕೊಂಚ ಸರಿದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ಗಾಳಿ ಸಿಕ್ಕಿಕೊಂಡರೆ ಬ್ಲೋ ಹೋಲ್. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಲ್ಲಿ ದುಡಿದವರಿಗೆ ಇದೇನು ಹೊಸದಲ್ಲ. ಹಾಗಂತ ಸಣ್ಣ ದೋಷಕ್ಕೆಲ್ಲ ಬ್ಲಾಕ್ ಬಿಸಾಡಲು ಆಗುತ್ತಾ? ತೂತಿಗೆ ಪ್ಲಗ್ ಹೊಡೆಯುವುದು, ಸೋರುವ ಕಡೆ ಸೋಡಿಯಂ ಸಿಲಿಕೇಟ್ ಅಥವಾ ರೆಸಿನ್ ತುಂಬಿಸುವುದು, ಹೊರೆ ಬೀಳದ ಜಾಗದಲ್ಲಿ ವೆಲ್ಡ್ ಮಾಡುವುದು ಕಾರ್ಖಾನೆಗಳಲ್ಲೇ ನಡೆದುಬಂದಿದೆ. ಹಳೆ ಬ್ಲಾಕ್‌ನ ಬಣ್ಣ ಕೆರೆದಾಗ ವೆಲ್ಡ್ ಗುರುತು ಕಂಡರೆ ಯಾರೋ ಟೋಪಿ ಹಾಕಿದರು ಅಂತ ಸುಮ್ನೆ ಗಾಬರಿಯಾಗಬೇಕಿಲ್ಲ.

53ರ ಕತೆ ಬೇರೆ. ಕಮಿನ್ಸ್ ಕಂಪನಿಯ ಬಿ ಸರಣಿಯ 5.9 ಲೀಟರ್, ಆರು ಸಿಲಿಂಡರ್ ಇಂಜಿನ್ ರಾಮ್‌ಗೆ ಬಂದದ್ದು 1989ರ ಮಾಡೆಲ್‌ನಲ್ಲಿ. ನಮ್ಮ ಟಾಟಾ ಲಾರಿಗಳಿಗೆ ಜಮ್‌ಶೆಡ್‌ಪುರದಲ್ಲಿ ತಯಾರಾದ ಕಮಿನ್ಸ್ ಕೂಡ ಇದೇ ಕುಟುಂಬದ್ದು. ಗಟ್ಟಿ ಅಂತ ಹೆಸರು. 1998ರ ಮಧ್ಯದಲ್ಲಿ 24 ವಾಲ್ವ್‌ನ ಹೊಸ ರೂಪ ಬಂತು. ಬ್ಲಾಕ್‌ಗಳ ಅಚ್ಚುಗಳು ಬೇರೆ ಬೇರೆ ಇದ್ದವು. ಅವುಗಳಲ್ಲಿ 53, ಬ್ರೆಜಿಲ್‌ನಲ್ಲಿ ಎರಕವಾದದ್ದು, 1999ರಿಂದ 2001ರ ಟ್ರಕ್‌ಗಳಲ್ಲಿ ಜಾಸ್ತಿ ಸಿಗುತ್ತದೆ. ಇದರ ವಾಟರ್ ಜಾಕೆಟ್ ಗೋಡೆ ತೆಳು. ಭಾರ ಎಳೆದು, ಬಿಸಿಯಾಗಿ, ತಣ್ಣಗಾಗಿ, ವರ್ಷಗಳು ಕಳೆದ ಮೇಲೆ ಕೋರ್ ಪ್ಲಗ್‌ಗಳ (ಮರಳಿನ ಕೋರ್‌ನಿಂದ ಉಳಿದ ತೂತು ಮುಚ್ಚುವ ಬಿಲ್ಲೆಗಳ) ಕೆಳಗೆ ಅಡ್ಡಡ್ಡಕ್ಕೆ ಬಿರುಕು ಬಿಟ್ಟು ಕೂಲೆಂಟ್ ಹೊರಗೆ ಜಿನುಗತೊಡಗುತ್ತದೆ.

ಎಲ್ಲ 53ಗಳೂ ಸೀಳಲಿಲ್ಲ. ಲಕ್ಷಾಂತರ ಮೈಲಿ ಓಡಿದವೂ ಇವೆ. ಪವರ್ ಏರಿಸಿ, ತಣ್ಣನೆ ಇಂಜಿನ್ನನ್ನೇ ದುಡಿಸಿದವರದ್ದೂ ಪಾಲಿದೆ ಅನ್ನುವ ವಾದವನ್ನು ತಳ್ಳಿಹಾಕಲಾಗದು. ಆದರೆ ಅದೇ ಸರಣಿಯ ಬೇರೆ ಅಚ್ಚಿನ ಬ್ಲಾಕ್‌ಗಳು ಅಷ್ಟೇ ಏಟು ತಿಂದೂ ಹೀಗೆ ಸೀಳಲಿಲ್ಲ, ಅಲ್ವಾ? ಬಿರುಕು ಕಾಣುವ ಹೊತ್ತಿಗೆ ಎಷ್ಟೋ ಟ್ರಕ್‌ಗಳು ಎರಡನೇ, ಮೂರನೇ ಮಾಲೀಕರ ಕೈಗೆ ಹೋಗಿದ್ದವು. ಖರ್ಚು ಬಿದ್ದದ್ದು ಅವರ ತಲೆಗೆ.

ಆಗ ಎಲ್ಲರ ಬಾಯಲ್ಲೂ ವೆಲ್ಡಿಂಗ್. ಬೀಡು ಕಬ್ಬಿಣ ಸ್ಟೀಲ್ ಥರ ಅಲ್ಲ. ಅದರೊಳಗೆ ಗ್ರಾಫೈಟ್ ಪದರ ಪದರವಾಗಿರುತ್ತದೆ, ಎಳೆತ ತಡೆಯದು. ಒಂದೇ ಜಾಗ ಕಾಯಿಸಿ ಬೇಗ ತಣಿಸಿದರೆ ವೆಲ್ಡ್ ಪಕ್ಕದಲ್ಲಿ ಗಾಜಿನಂಥ ಗಡಸು ಪಟ್ಟಿ ಹುಟ್ಟುತ್ತದೆ, ಅಲ್ಲೇ ಹೊಸ ಬಿರುಕು. ಸರಿಯಾಗಿ ಮಾಡಬೇಕಾದರೆ ಬ್ಲಾಕ್ ಬಿಚ್ಚಿ, ಪೂರ್ತಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ವೆಲ್ಡ್ ಮಾಡಿ, ನಿಧಾನವಾಗಿ ತಣಿಸಬೇಕು. ಅಷ್ಟು ಕಾದ ಬ್ಲಾಕ್ ಸೊಟ್ಟಗಾಗಬಹುದು, ಸಿಲಿಂಡರ್‌ಗಳನ್ನು ಮತ್ತೆ ಕೊರೆದು ಸರಿಮಾಡುವ ಬೋರಿಂಗ್ ಬೇಕಾಗಬಹುದು. ಫೌಂಡ್ರಿಯಲ್ಲಿ ಮೆಷಿನಿಂಗ್‌ಗೆ ಮುಂಚೆ ಹೊಸ ಲೋಹಕ್ಕೆ ಮಾಡುವ ವೆಲ್ಡಿಗೂ, ವರ್ಷಗಟ್ಟಲೆ ಎಣ್ಣೆ, ಕೂಲೆಂಟ್ ಕುಡಿದ ಲೋಹಕ್ಕೆ ಮಾಡುವ ವೆಲ್ಡಿಗೂ ಇರುವ ಅಂತರ ಇದೇ. ತಣ್ಣಗೇ ಮಾಡುವುದಾದರೆ ನಿಕಲ್ ರಾಡ್ ಹಿಡಿದು, ಬಿರುಕಿನ ತುದಿಗಳಲ್ಲಿ ತೂತು ಕೊರೆದು, ಒಂದಂಗುಲ ವೆಲ್ಡ್, ಸುತ್ತಿಗೆಯಲ್ಲಿ ಮೆಲ್ಲಗೆ ಬಡಿತ, ಮತ್ತೆ ಕಾಯುವುದು. ಈ ತಾಳ್ಮೆ ಎಲ್ಲ ಶೆಡ್‌ನಲ್ಲೂ ಸಿಗದು.

ಹಾಗಾಗಿ ಮೆಟಲ್ ಸ್ಟಿಚಿಂಗ್ ಕಡೆ ವಾಲಿದವರು ಜಾಸ್ತಿ. ಬಿರುಕಿನ ಉದ್ದಕ್ಕೂ ತೂತು ಕೊರೆದು, ಥ್ರೆಡ್ ಇರುವ ಪಿನ್‌ಗಳನ್ನು ಒಂದರ ಅಂಚಿಗೆ ಇನ್ನೊಂದು ಕಚ್ಚುವಂತೆ ಕೂರಿಸಿ, ಅಡ್ಡಕ್ಕೆ ಲಾಕ್ ಹಾಕುತ್ತಾರೆ. ಕಾಯಿಸುವ ಗೋಜಿಲ್ಲ. ಎಷ್ಟೋ ಸಲ ಇಂಜಿನ್ ಇಳಿಸದೆಯೇ ಮುಗಿಯುತ್ತದೆ. ಆದರೆ ಯಾವ ರಿಪೇರಿಯೂ ಉಳಿದ ಗೋಡೆಯನ್ನು ದಪ್ಪ ಮಾಡದು. ಅದಕ್ಕೇ ಈಗ 53 ಕೊಳ್ಳುವವರು ರಿಪೇರಿಯಾದ ಜಾಗಕ್ಕಿಂತ ಅದರ ಅಕ್ಕಪಕ್ಕವನ್ನೇ ಹೆಚ್ಚು ಹೊತ್ತು ನೋಡುತ್ತಾರೆ, ಒತ್ತಡ ಹಾಕಿ ಸೋರಿಕೆ ಹುಡುಕುವ ಪ್ರೆಷರ್ ಟೆಸ್ಟ್ ಆಗಿದೆಯಾ ಅಂತ ಕೇಳಿಯೇ ಮಾತು ಮುಂದುವರಿಸುತ್ತಾರೆ.