ಚಾರ್ಜರ್ ಕಿತ್ತು ನೋಡಿದಿರಾ?

"ಸರ್, ಮೌಸ್ ಅಲ್ಲಾಡಿಸಿದರೆ ಸ್ಪೀಕರ್ ಕಿರ್ ಅನ್ನುತ್ತೆ." ಇಂಥ ಫೋನ್ ಬಂದಾಗ ನಾನು ಮೊದಲು ಕೇಳುವುದು ಇದನ್ನೇ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿದಿರಾ?

ಕಿತ್ತ ಕೂಡಲೇ ಸದ್ದು ನಿಂತರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್. ಚಾರ್ಜರಿನ ಮೂರನೇ ಪಿನ್ ಅರ್ಥ್‌ಗೆ ಹೋಗುತ್ತದೆ, ಆಂಪ್ಲಿಫೈಯರಿನದೂ ಅಲ್ಲಿಗೇ. ನಡುವೆ ಯುಎಸ್‌ಬಿ ಕೇಬಲ್, ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರಿಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ), ಅಲ್ಲಿಂದ ಆಂಪ್ಲಿಫೈಯರಿಗೆ ಆರ್‌ಸಿಎ ಕೇಬಲ್ ಸೇರಿದರೆ ಒಂದು ಸುತ್ತು ಪೂರ್ತಿಯಾಯಿತು. ಅದರಲ್ಲಿ ಕಂಪ್ಯೂಟರಿನ ಗಲೀಜು ಕರೆಂಟು ಹರಿಯುತ್ತದೆ. ಆಂಪ್ಲಿಫೈಯರ್ ಅದನ್ನೂ ಹಾಡು ಎಂದುಕೊಂಡು ದೊಡ್ಡದು ಮಾಡುತ್ತದೆ.

ಕಂಪ್ಯೂಟರಿಗೂ ಡ್ಯಾಕ್‌ಗೂ ನಡುವೆ ಹಾಕುವ ಯುಎಸ್‌ಬಿ ಐಸೊಲೇಟರ್ ಎಂಬ ಸಾಧನ ಈ ಸುತ್ತನ್ನು ಯುಎಸ್‌ಬಿ ಹತ್ತಿರ ಕತ್ತರಿಸುತ್ತದೆ. ಅದರೊಳಗೆ ಎರಡು ಬದಿಗಳ ನಡುವೆ ತಂತಿಯ ಸಂಪರ್ಕವಿಲ್ಲ. ಎಷ್ಟೋ ಚಿಪ್‌ಗಳಲ್ಲಿ ಡೇಟಾ ದಾಟುವುದು ಪುಟಾಣಿ ಟ್ರಾನ್ಸ್‌ಫಾರ್ಮರ್‌ಗಳ ಮೂಲಕ.

ಐಸೊಲೇಟರ್ ಕೊಳ್ಳುವವರು ಎಡವುವುದು ಡೇಟಾ ವೇಗದಲ್ಲಿ. ನಾನೂ ಎಡವಿದ್ದೇನೆ. ಅಗ್ಗಕ್ಕೆ ಸಿಕ್ಕಿತೆಂದು ಎಡಿಯುಎಂ4160 ಚಿಪ್‌ನ ಬೋರ್ಡ್ ತಂದು ಹಾಕಿದೆ. ಸದ್ದೇನೋ ಹೋಯಿತು, ಜೊತೆಗೆ ಸೆಟ್ಟಿಂಗ್ಸ್‌ನಲ್ಲಿದ್ದ 192 ಕಿಲೋಹರ್ಟ್ಸ್ (ಸೆಕೆಂಡಿಗೆ 1,92,000 ಸ್ಯಾಂಪಲ್) ಆಯ್ಕೆ ಕೂಡ ಹೋಯಿತು! ಸಂಜೆಯೆಲ್ಲ ಸುಮ್ನೆ ಡ್ರೈವರ್ ತೆಗೆದು ಹಾಕಿ ಮಾಡಿದೆ. ಆ ಚಿಪ್‌ನ ಮಿತಿ ಸೆಕೆಂಡಿಗೆ 12 ಮೆಗಾಬಿಟ್. ಆ ವೇಗದಲ್ಲಿ ಆಡಿಯೊಗೆ ಒಂದು ಮಿಲಿಸೆಕೆಂಡಿಗೆ ಸಿಗುವುದು ಹೆಚ್ಚೆಂದರೆ 1023 ಬೈಟ್‌ನ ಒಂದು ಪ್ಯಾಕೆಟ್. 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೊಗೆ ಮಿಲಿಸೆಕೆಂಡಿಗೆ 96 ಸ್ಯಾಂಪಲ್ × 2 ಚಾನೆಲ್ × 3 ಬೈಟ್, ಅಂದರೆ 576 ಬೈಟ್ ಸಾಕು. 192ಕ್ಕೆ 1152 ಬೇಕು. ಹಿಡಿಸುವುದಿಲ್ಲ, ಅಷ್ಟೇ. ಕೆಲವು ಡ್ಯಾಕ್‌ಗಳು ಈ ವೇಗದಲ್ಲಿ ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಡಬ್ಬದ ಮೇಲೆ 'ಯುಎಸ್‌ಬಿ 2.0' ಅಂತ ಇದ್ದರೆ ಸಾಲದು, 12 ಮೆಗಾಬಿಟ್ ಕೂಡ ಅದರೊಳಗೇ ಬರುತ್ತದೆ. 480 ಎಂಬ ಅಂಕಿ ಹುಡುಕಿ. ಎಡಿಯುಎಂ4165 ಅಂಥ ಚಿಪ್. ಬೆಲೆ ಜಾಸ್ತಿ.

ಪವರ್ ಕೂಡ ನೋಡಿಕೊಳ್ಳಿ. ಐಸೊಲೇಟರಿನಲ್ಲಿ ಪವರ್ ದಾಟಿಸಲು 1 ವ್ಯಾಟ್ ಕನ್ವರ್ಟರ್ ಇದ್ದರೆ 5 ವೋಲ್ಟ್‌ನಲ್ಲಿ ಸಿಗುವುದು 200 ಮಿಲಿಆಂಪ್. ಮೈಕನ್ನು ಕಂಪ್ಯೂಟರಿಗೆ ಜೋಡಿಸಿ ಅದಕ್ಕೆ 48 ವೋಲ್ಟ್ ಕೊಡುವ ಆಡಿಯೊ ಇಂಟರ್‌ಫೇಸ್‌ಗೆ ಅದು ಎಲ್ಲಿ ಸಾಕು?

"ಹಾಕಿದರೆ ಹಾಡು ಇನ್ನೂ ಚೆನ್ನಾಗಿ ಕೇಳುತ್ತಂತಲ್ಲ?" ಎನ್ನುವವರಿದ್ದಾರೆ. ಸದ್ದೇ ಇಲ್ಲದ ಕಡೆ ಹಾಕಿ ನೋಡಿದ್ದೇನೆ, ನನಗಂತೂ ವ್ಯತ್ಯಾಸ ಕೇಳಿಲ್ಲ. ಬ್ಯಾಟರಿಯಲ್ಲಿ ಓಡುವ ಲ್ಯಾಪ್‌ಟಾಪ್, ಡಾಂಗಲ್ (ಪುಟ್ಟ ಡ್ಯಾಕ್), ಹೆಡ್‌ಫೋನ್ ಇಷ್ಟೇ ಇದ್ದರೆ ಕತ್ತರಿಸಲು ಸುತ್ತೇ ಇಲ್ಲ ಅಲ್ವಾ? ದುಡ್ಡು ಹಾಕುವ ಮೊದಲು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ ನೋಡಿ. ಅರ್ಥ್ ಪಿನ್ ಮಾತ್ರ ಮುರಿಯಬೇಡಿ. ಶಾಕ್‌ನಿಂದ ಕಾಯುವುದು ಅದೇ.

ಒಬ್ಬರ ಮನೆಯಲ್ಲಿ 480ರದ್ದೇ ಹಾಕಿದರೂ ಗುಂಯ್ ನಿಲ್ಲಲಿಲ್ಲ. ಚಾರ್ಜರ್ ಕಿತ್ತರೆ ನಿಲ್ಲುತ್ತಿತ್ತು. ಮೇಜಿನ ಹಿಂದೆ ಬಗ್ಗಿ ನೋಡಿದೆ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಟಿವಿಗೆ ಹೋಗಿತ್ತು, ಟಿವಿಯಿಂದ ಆಡಿಯೊ ಕೇಬಲ್ ಅದೇ ಆಂಪ್ಲಿಫೈಯರಿಗೆ ಬಂದಿತ್ತು.