ಕುಪ್ಯದ ಹತ್ತಿರ ಲಿಲ್ಲಿ ಬೇಡ, ಬಾಳೆಗೆ ತಂತಿ ಬೇಡ

ಕೊಡಗಿನಲ್ಲಿ ಮದುವೆಗಳಿಗೆ ಹೂವಿನ ಅಲಂಕಾರ ಮಾಡುವುದು ನನ್ನ ಕೆಲಸ. ಹೋದ ತಿಂಗಳು ಒಬ್ಬರು ಫೋನ್ ಮಾಡಿದರು. ಮಗಳ ಮದುವೆ ಮಾರ್ಚ್ ಕೊನೆಗೆ, ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ. "ಆಗ ಕಾಫಿ ಹೂ ಇರುತ್ತೆ ಅಲ್ವಾ? ಮಂಟಪ ಪೂರ್ತಿ ಅದರಲ್ಲೇ ಮಾಡಿಬಿಡಿ" ಎಂದರು. ಊರಿಗೆ ಹೊಸಬರು ಅಂತ ಮಾತಲ್ಲೇ ಗೊತ್ತಾಯಿತು. ತೋಟದವರು ಯಾರೂ ಹೀಗೆ ಕೇಳುವುದಿಲ್ಲ. ಒಂದೊಂದು ಹೂವೂ ನಾಳೆಯ ಒಂದೊಂದು ಹಣ್ಣು. ರೆಂಬೆ ಕಡಿದರೆ ತೋಟದ ಯಜಮಾನರು ನನ್ನನ್ನೂ ಸೇರಿಸಿ ಕಡಿದಾರು!

ಅದೂ ಅಲ್ಲದೆ ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಎರಡು ಮೂರು ದಿನ ತೋಟ ಬೆಳ್ಳಗಿರುತ್ತದೆ, ಆಮೇಲೆ ಕಂದು. ಮುಹೂರ್ತ ಆರು ತಿಂಗಳ ಮೊದಲೇ ಗೊತ್ತಾಗಿರುತ್ತದೆ, ಮಳೆಗೆ ಲಗ್ನಪತ್ರಿಕೆ ಕೊಟ್ಟಿರುವುದಿಲ್ಲ. ಸ್ಪ್ರಿಂಕ್ಲರ್ ಇರುವ ರೊಬಸ್ಟಾ ತೋಟವಾದರೆ ನೀರು ಹಾಯಿಸಿ ದಿನವನ್ನು ಹೆಚ್ಚುಕಡಿಮೆ ಹೊಂದಿಸಿಕೊಳ್ಳಬಹುದು. ಆಗಲೂ ನಾನು ಹೇಳುವುದು ಇಷ್ಟೇ: ಹೂ ಕೀಳಬೇಡಿ. ಚಪ್ಪರದ ಒಂದು ಬದಿಗೆ ಬಟ್ಟೆ ಕಟ್ಟದೆ ಖಾಲಿ ಬಿಡಿ. ಹಿಂದೆ ತೋಟವೇ ಪರದೆ. ಪರಿಮಳಕ್ಕೂ ದುಡ್ಡಿಲ್ಲ.

ಹೂ ಆರಿಸುವುದು ಅಂದರೆ ಮೊಬೈಲ್‌ನಲ್ಲಿ ಫೋಟೋ ತೋರಿಸುವುದು ಅಂತ ಈಗ ಆಗಿಬಿಟ್ಟಿದೆ. ಫೋಟೋ ನೋಡುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ನನಗೆ ಮೊದಲು ಬೇಕಾದದ್ದು ಬೇರೆ. ಮದುವೆ ಯಾವ ತಿಂಗಳು? ಹೂ ಎಷ್ಟು ಹೊತ್ತು ನಿಲ್ಲಬೇಕು? ಅದರ ಪಕ್ಕ ಯಾರು, ಏನು ಉಟ್ಟು ಕೂರುತ್ತಾರೆ? ಬಣ್ಣದ ಮಾತು ಅದಾದ ಮೇಲೆ.

ಕೊನೆಯದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಕೊಡವ ಮದುವೆಯಲ್ಲಿ ಹುಡುಗ ಬಿಳಿ ಕುಪ್ಯ, ಅಂದರೆ ಉದ್ದ ನಿಲುವಂಗಿ, ಹಾಕುತ್ತಾನೆ. ಈ ಕೆಲಸ ಶುರು ಮಾಡಿದ ಎರಡನೇ ವರ್ಷ, ವಿರಾಜಪೇಟೆಯ ಒಂದು ಮದುವೆಯಲ್ಲಿ ಮದುಮಕ್ಕಳು ಕೂರುವ ಮುಕ್ಕಾಲಿಯ (ಮೂರು ಕಾಲಿನ ಮಣೆ) ಎರಡೂ ಕಡೆ ಲಿಲ್ಲಿ ಹೂವಿನ ಹೂದಾನಿ ಇಟ್ಟಿದ್ದೆ. ನೋಡಲು ಬಲು ಚೆಂದ. ಹುಡುಗ ಹಿರಿಯರ ಕಾಲಿಗೆ ಬಗ್ಗಿದ, ತೋಳು ಹೂವಿಗೆ ತಾಗಿತು. ಬಿಳಿ ಬಟ್ಟೆಯ ಮೇಲೆ ಬೆರಳುದ್ದದ ಕಿತ್ತಳೆ ಗೆರೆ. ನಮ್ಮ ಹುಡುಗನೊಬ್ಬ ಓಡಿಬಂದು ಒದ್ದೆ ಕರವಸ್ತ್ರದಿಂದ ಉಜ್ಜಿದ. ಗೆರೆ ಹೋಗಿ ಅಂಗೈಯಗಲದ ಕಲೆಯಾಯಿತು. ಇವತ್ತಿಗೂ ಆ ಮನೆಯ ಆಲ್ಬಮ್‌ನಲ್ಲಿ ನನ್ನ ಆ ಕಲೆ ಇದೆ.

ಲಿಲ್ಲಿಯ ಪರಾಗದಲ್ಲಿ ಎಣ್ಣೆಯಂಥ ಪಸೆ ಇರುತ್ತದೆ. ನೀರು ತಾಗಿಸಿ ಉಜ್ಜಿದರೆ ನೂಲಿನೊಳಗೆ ಇಳಿಯುತ್ತದೆ. ಅಂಟು ಟೇಪನ್ನು ಮೆಲ್ಲಗೆ ಒತ್ತಿ ಒತ್ತಿ ಎತ್ತಬೇಕು. ಅದಕ್ಕಿಂತ ಒಳ್ಳೆಯದು, ಮೊಗ್ಗು ಬಿರಿದ ಕೂಡಲೇ ಒಳಗಿನ ಆ ಆರು ಕೇಸರಗಳ ತುದಿಯನ್ನು ಚಿವುಟಿ ತೆಗೆಯುವುದು. ಒಂದು ಮಂಟಪಕ್ಕೆ ನೂರು ಲಿಲ್ಲಿ ಇದ್ದರೆ ಇಬ್ಬರಿಗೆ ಇದೇ ಕೆಲಸ. ಮೊಗ್ಗಾಗಿ ಬಂದದ್ದು ಮಧ್ಯಾಹ್ನ ಬಿರಿದರೆ ಮತ್ತೆ ಹೋಗಿ ಚಿವುಟಬೇಕು. ಕುಪ್ಯದ ಹತ್ತಿರಕ್ಕೆ ನಾನಂತೂ ಈಗ ಲಿಲ್ಲಿ ತರುವುದೇ ಇಲ್ಲ.

ಹುಡುಗಿಯದು ಕೆಂಪು ಸೀರೆ. ಅದರ ಮೇಲೆ ಕೆಂಪು ಗುಲಾಬಿಯ ಹಾರ ಹಾಕಿದರೆ ಹಾರ ಎಲ್ಲಿದೆ ಅಂತ ಹುಡುಕಬೇಕು. ಸುಗಂಧರಾಜ, ಮಲ್ಲಿಗೆ, ಬಿಳಿ ಸೇವಂತಿಗೆ ಎದ್ದು ಕಾಣುತ್ತವೆ. ಪತ್ತಾಕು, ಜೋಮಾಲೆ ಎಲ್ಲ ಕೊರಳಲ್ಲಿರುವಾಗ ಹಾರ ದಪ್ಪ ಬೇಡ, ಅಜ್ಜಿ ಕೊಟ್ಟ ಚಿನ್ನ ಮುಚ್ಚಿಹೋಗುತ್ತದೆ. ತಾಜಾ ಕಾಣಲಿ ಅಂತ ಹಾರಕ್ಕೆ ನೀರು ಚಿಮುಕಿಸುವವರಿದ್ದಾರೆ. ಒದ್ದೆ ಹಾರದ ಭಾರ ಗೊತ್ತಾಗುವುದು ಹಾಕಿಕೊಂಡವರಿಗೆ ಮಾತ್ರ.

ದಂಪತಿ ಮುಹೂರ್ತದಲ್ಲಿ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸುತ್ತಾರೆ. ಗಂಟೆಗಟ್ಟಲೆ ಸಾಲು. ಆದ್ದರಿಂದ ಮುಕ್ಕಾಲಿಯ ಅಕ್ಕಪಕ್ಕ ಹೂವಿನ ಕಂಬ ನಿಲ್ಲಿಸಬೇಡಿ, ಜನ ಬಂದು ಹೋಗಲು ದಾರಿ ಬಿಡಿ. ಅಲಂಕಾರ ಹಿಂದಕ್ಕೆ, ಮೇಲಕ್ಕೆ ಇರಲಿ. ದೀಪ ಉರಿಯುವ ಜಾಗದಲ್ಲಿ ನೆಟ್ ಬಟ್ಟೆ, ಥರ್ಮಾಕೋಲ್ ಖಂಡಿತ ಬೇಡ.

ಬಾಳೆ ವಿಷಯಕ್ಕೆ ಬರೋಣ. ಕೊಡವ ಮದುವೆಯಲ್ಲಿ ನಿಲ್ಲಿಸಿದ ಬಾಳೆಕಂಬವನ್ನು ಕತ್ತಿಯಿಂದ ಕಡಿಯುವ ಶಾಸ್ತ್ರಕ್ಕೆ ಬಾಳೆ ಬಿರುದು ಅನ್ನುತ್ತಾರೆ. ಆ ಕಂಬದ ತಲೆಗೆ ಹೂ ಚುಚ್ಚುವುದು ನಮ್ಮ ಕೆಲಸ. ಮೊದಲ ಸಲ ನಾನು ಬೈಂಡಿಂಗ್ ತಂತಿಯಲ್ಲಿ ಬಿಗಿದಿದ್ದೆ. ವಾಲಗ ಶುರುವಾಗುವ ಮೊದಲು ಒಬ್ಬ ಹಿರಿಯರು ಬಂದು ಕಂಬವನ್ನು ಮೇಲಿಂದ ಕೆಳಗೆ ಸವರಿದರು. ಬೆರಳಿಗೆ ತಂತಿ ಸಿಕ್ಕಿತು. "ಏನಮ್ಮಾ, ಕತ್ತಿ ಬೀಸುವವನು ನಿನಗೇನು ಮಾಡಿದ್ದಾನೆ?" ಎಂದರು. ಬೈಯಲಿಲ್ಲ, ಅಷ್ಟೇ ಕೇಳಿದರು. ಬಾಳೆ ಕಡಿಯುವ ಒಡಿಕತ್ತಿ ತಂತಿಗೆ ಬಡಿದರೆ ಬಾಯಿ ಹಾಳು, ಪೆಟ್ಟು ಜಾರಿದರೆ ಕಾಲು ಹಾಳು. ಅಂದಿನಿಂದ ತಂತಿ, ಮೊಳೆ, ಗುಂಡುಪಿನ್ನು ಯಾವುದೂ ಬಾಳೆ ಹತ್ತಿರ ಸುಳಿಯುವುದಿಲ್ಲ. ತೆಂಗಿನ ಗರಿಯ ಕಡ್ಡಿ ಚೂಪು ಮಾಡಿ ಅದರಲ್ಲೇ ಚೆಂಡುಹೂ, ಸೇವಂತಿಗೆ ಪೋಣಿಸಿ ಚುಚ್ಚುತ್ತೇವೆ. ನಿಮ್ಮ ಮನೆ ಮದುವೆಗೆ ಹೊರಗಿನ ಅಲಂಕಾರದವರು ಬಂದರೆ ಇದೊಂದನ್ನು ಮರೆಯದೆ ಹೇಳಿ, ಪಾಪ ಅವರಿಗೆ ಗೊತ್ತಿರುವುದಿಲ್ಲ.

ಬಾಳೆಯ ಇನ್ನೊಂದು ಕಿತಾಪತಿ ನನಗೆ ತಡವಾಗಿ ಅರ್ಥವಾಯಿತು. ಒಂದು ಮದುವೆಗೆ ಬೆಂಗಳೂರಿನಿಂದ ಆರ್ಕಿಡ್, ಕಾರ್ನೇಷನ್ ತರಿಸಿದ್ದೆವು. ರಾತ್ರಿ ಕಲ್ಯಾಣಮಂಟಪದ ಉಗ್ರಾಣದಲ್ಲಿ ಇಟ್ಟೆವು. ತಂಪಾಗಿತ್ತು, ನೀರೂ ಇತ್ತು. ಬೆಳಿಗ್ಗೆ ನೋಡಿದರೆ ಕಾರ್ನೇಷನ್ ಎಸಳು ಒಳಕ್ಕೆ ಮುದುಡಿ ನಿದ್ದೆ ಹೋಗಿದೆ. ಆರ್ಕಿಡ್ ಮುಟ್ಟಿದರೆ ಉದುರುತ್ತದೆ. ಹಳೇ ಹೂ ಕೊಟ್ಟರು ಅಂತ ಸರಬರಾಜಿನವರ ಮೇಲೆ ಕೂಗಾಡಿದೆ. ತಪ್ಪು ನಮ್ಮದೇ. ಅದೇ ಕೋಣೆಯಲ್ಲಿ ಊಟಕ್ಕೆಂದು ಹಣ್ಣಾದ ಬಾಳೆಗೊನೆಗಳನ್ನು ನೇತುಹಾಕಿದ್ದರು. ಹಣ್ಣಾಗುವ ಬಾಳೆ ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ಹಣ್ಣಿಗೆ ಮಾಗು ಅನ್ನುವ ಆ ಅನಿಲವೇ ಹೂವಿಗೆ ಬಾಡು ಅನ್ನುತ್ತದೆ. ಈಗ ಮಂಟಪ ನೋಡಲು ಹೋದಾಗ ಮೊದಲು ಕೇಳುವುದು, ಗೊನೆ ಎಲ್ಲಿ ತೂಗುಹಾಕುತ್ತೀರಿ ಅಂತ. ಜನ ನಗುತ್ತಾರೆ.

ಆಂಥೂರಿಯಂ ಮಾತ್ರ ನಮ್ಮ ಊರಿನದೇ ಹೂ ಆಗಿಬಿಟ್ಟಿದೆ. ಎಷ್ಟೋ ಮನೆಗಳ ನೆರಳಮನೆಯಲ್ಲಿ ಬೆಳೆಯುತ್ತಾರೆ. ಮಳೆಗಾಲದ ಮದುವೆಗೆ ಅದಕ್ಕೆ ಸಾಟಿಯಿಲ್ಲ. ಎಸಳು ದಪ್ಪ, ನೀರು ಬಿದ್ದರೂ ಜಾರಿಹೋಗುತ್ತದೆ. ಅದೇ ಮಳೆಯಲ್ಲಿ ಚೆಂಡುಹೂ ನೀರು ಕುಡಿದು ಕಂದಾಗುತ್ತದೆ, ಸೇವಂತಿಗೆ ಬುಡದಿಂದ ಕೊಳೆಯುತ್ತದೆ. ಆಂಥೂರಿಯಮ್ಮನ್ನು ಫ್ರಿಜ್‌ನಲ್ಲಿಡಬೇಡಿ. ಗುಲಾಬಿಗೆ 2ರಿಂದ 4 ಡಿಗ್ರಿ ಹಿತ, ಆಂಥೂರಿಯಂ 12 ಡಿಗ್ರಿಗಿಂತ ಕೆಳಗೆ ಹೋದರೆ ಕಪ್ಪಿಡುತ್ತದೆ.

ಮನೆಯಂಗಳದ ಹೈಡ್ರಾಂಜಿಯಾ ಬಗ್ಗೆಯೂ ಕೇಳುತ್ತಾರೆ. ನಮ್ಮ ಹುಳಿಮಣ್ಣಿನಲ್ಲಿ ಅದು ನೀಲಿಯಾಗಿ ಬರುತ್ತದೆ. ಗುಲಾಬಿ ಬಣ್ಣ ಬೇಕಾದರೆ ಬುಡಕ್ಕೆ ಸುಣ್ಣ ಹಾಕಬೇಕು. ಅದು ತಿಂಗಳುಗಳ ಕೆಲಸ, ಮದುವೆ ಹಿಂದಿನ ವಾರ ಆಗುವಂಥದ್ದಲ್ಲ. ಕೊಯ್ದ ಹೂ ಬಾಡಿದರೆ ತಲೆಯನ್ನೇ ಅರ್ಧ ಗಂಟೆ ನೀರಲ್ಲಿ ಮುಳುಗಿಸಿ, ಸಾಮಾನ್ಯವಾಗಿ ಎದ್ದು ಕೂರುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನದ ಬಿಸಿಲಿನ ಹೊರಾಂಗಣಕ್ಕೆ ಬೇಡವೇ ಬೇಡ. ಜರ್ಬೆರಾಗೆ ಇದರ ತದ್ವಿರುದ್ಧ: ಬಕೆಟ್‌ನಲ್ಲಿ ಮೂರು ಬೆರಳು ನೀರು ಸಾಕು, ಜಾಸ್ತಿಯಾದರೆ ಕಾಂಡ ಕೊಳೆತು ಕತ್ತು ಬಾಗುತ್ತದೆ.

ಮಲ್ಲಿಗೆಗೆ ಬೇಸಿಗೆಯೇ ಕಾಲ. ಡಿಸೆಂಬರ್ ಮದುವೆಗೆ ಮೈಸೂರು ಮಲ್ಲಿಗೆಯೇ ಬೇಕು ಅಂದರೆ ಸಿಕ್ಕೀತು, ಬೆಲೆ ಕೇಳಿ ತಲೆ ತಿರುಗುತ್ತದೆ. ಆಗ ಕಾಕಡ ಇದೆ. ಬೆಳ್ಳಗೆ ಚೆನ್ನಾಗಿ ಕಾಣುತ್ತದೆ, ಪರಿಮಳ ಮಾತ್ರ ಇಲ್ಲ. ನಾನು ಜಡೆಗೆ ಮಲ್ಲಿಗೆ ನಾಲ್ಕು ಮೊಳ ತರಿಸಿ, ಮಂಟಪಕ್ಕೆಲ್ಲ ಕಾಕಡ ಹಾಕುತ್ತೇನೆ. ಯಾರೂ ಮಂಟಪ ಮೂಸಿ ನೋಡುವುದಿಲ್ಲ. ವರಮಹಾಲಕ್ಷ್ಮಿ, ಆಯುಧಪೂಜೆ, ದೀಪಾವಳಿಯ ಆಸುಪಾಸಿನಲ್ಲಿ ಮದುವೆ ಇದ್ದರೆ ಸೇವಂತಿಗೆಯ ಆಸೆ ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಘಾಟಿ ಹತ್ತುವಷ್ಟರಲ್ಲಿ ಮೂಟೆಯ ಅಡಿಯ ಹೂ ಬಿಸಿಯಾಗಿ ಮೆತ್ತಗಾಗುತ್ತದೆ. ಅದಕ್ಕೇ ಬಿಡಿ ಹೂ ದೊಡ್ಡ ಮೂಟೆಯಲ್ಲಿ ಬೇಡ, ಚಿಕ್ಕ ಚಿಕ್ಕ ಬುಟ್ಟಿಯಲ್ಲಿ ಕಳಿಸಿ ಅನ್ನುತ್ತೇನೆ.

ದುಡ್ಡಿನ ವಿಷಯ ಚುಟುಕಾಗಿ. "ಸ್ಟೇಜು ಇಷ್ಟು, ಗೇಟು ಇಷ್ಟು" ಅಂತ ಬರೆದ ಚೀಟಿಗೆ ಮುಂಗಡ ಕೊಡಬೇಡಿ. ಎಷ್ಟು ಕೆಜಿ ಬಿಡಿ ಹೂ, ಎಷ್ಟು ಕಟ್ಟು ಗುಲಾಬಿ, ಯಾವುದು ಪ್ಲಾಸ್ಟಿಕ್ ಅಂತ ಬರೆಸಿಕೊಳ್ಳಿ. ಗುಲಾಬಿ ಕಟ್ಟಿನಲ್ಲಿ ಸಾಮಾನ್ಯವಾಗಿ 20, ಜರ್ಬೆರಾದಲ್ಲಿ 10. ಹತ್ತಡಿ ಮೇಲೆ ನೇತಾಡುವ ಹೂ ಪ್ಲಾಸ್ಟಿಕ್ ಆದರೆ ನನ್ನ ತಕರಾರಿಲ್ಲ, ಹೇಳಿ ಹಾಕಬೇಕು ಅಷ್ಟೇ. ಸೊಪ್ಪಿಗಂತೂ ದುಡ್ಡೇ ಬೇಡ. ತೋಟದಂಚಿನ ಜರೀಗಿಡ, ತೆಂಗಿನ ಗರಿ, ಅಡಿಕೆ ಹಿಂಗಾರ ನಮ್ಮಲ್ಲಿ ಇರುವಾಗ ಊರಾಚೆಯಿಂದ ಎಲೆ ತರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಹೂ ಚುಚ್ಚಲು ಬಳಸುವ ಹಸಿರು ಫೋಮ್ ಇಟ್ಟಿಗೆಯನ್ನು ನೋಡಿರುತ್ತೀರಿ. ಅದು ಪ್ಲಾಸ್ಟಿಕ್ಕೇ. ಪುಡಿಯಾಗುತ್ತದೆ, ಕರಗುವುದಿಲ್ಲ. ಮಾರನೇ ದಿನ ಹೂವಿನ ಜೊತೆ ಗೊಬ್ಬರಗುಂಡಿಗೋ ತೋಡಿಗೋ ಹೋಗುತ್ತದೆ. ನಾವು ಬಾಳೆದಿಂಡನ್ನು ಗೇಣುದ್ದ ತುಂಡು ಮಾಡಿ ಅದಕ್ಕೇ ಚುಚ್ಚುತ್ತೇವೆ. ಒಂದು ದಿನಕ್ಕೆ ಬೇಕಾದ ನೀರು ಅದರಲ್ಲೇ ಇದೆ. ಗುಲಾಬಿಯಂಥ ಗಟ್ಟಿ ಕಾಂಡಕ್ಕೆ ಸರಿ, ಜರ್ಬೆರಾದಂಥ ಮೆತ್ತನೆಯದಕ್ಕೆ ಮೊದಲು ಕಡ್ಡಿಯಲ್ಲಿ ತೂತು ಮಾಡಬೇಕು.

ಇನ್ನು, ಬಿಚ್ಚುವವರು ಯಾರು ಅಂತ ಬಾಯಿಬಿಟ್ಟು ಕೇಳಿ. ಕಟ್ಟಲು ಹತ್ತು ಜನ ಬರುತ್ತಾರೆ, ಬಿಚ್ಚಲು ಯಾರೂ ಇರುವುದಿಲ್ಲ. ನಮ್ಮ ಹುಡುಗರು ಸಂಜೆಯೇ ನೈಲಾನ್ ದಾರ, ಪಿನ್ನು ಬೇರೆ ಮಾಡಿ ಒಂದು ಚೀಲಕ್ಕೆ ಹಾಕುತ್ತಾರೆ. ಉಳಿದ ಹೂವು, ಸೊಪ್ಪು, ದಿಂಡು ಎಲ್ಲ ಕಾಫಿ ಗಿಡದ ಬುಡಕ್ಕೆ. ಮಾರ್ಚ್ ಮದುವೆಯವರು ಕೊನೆಗೆ ಇದಕ್ಕೆಲ್ಲ ಒಪ್ಪಿದ್ದಾರೆ. ಚಪ್ಪರದ ಹಿಂಬದಿ ತೆರೆದೇ ಇರುತ್ತದೆ. ಸ್ಪ್ರಿಂಕ್ಲರ್ ಯಾವತ್ತು ಹಾಕಬೇಕು ಅಂತ ತೋಟದವರೂ ಅವರೂ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.