ಕಡಲಿನ ಆಳಕ್ಕೆ ಇಂಗಾಲ ಹೊರುವ ಚಿಪ್ಪುಗಳು

ನಾವು ಉಸಿರಾಡುವ ಆಮ್ಲಜನಕದಲ್ಲಿ ಅರ್ಧ ಕಡಲಿನ ಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು, ಕೊಟ್ಟದ್ದು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಕಡಲಲ್ಲಿ ನಡೆಯುತ್ತದೆ ಎಂಬುದು ನಿಜ. ಆದರೆ ಅಲ್ಲಿ ಹುಟ್ಟಿದ ಆಮ್ಲಜನಕ ನೇರವಾಗಿ ನಮ್ಮ ಮೂಗಿಗೆ ಬರುವುದಿಲ್ಲ. ಪ್ಲಾಂಕ್ಟನ್ ತಿನ್ನುವ ಜೀವಿಗಳು, ಸತ್ತದ್ದನ್ನು ಕೊಳೆಸುವ ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನು ಹೆಚ್ಚುಕಡಿಮೆ ಅಲ್ಲೇ ಖಾಲಿ ಮಾಡುತ್ತವೆ. ಯಾರ ಬಾಯಿಗೂ ಸಿಗದ ಒಂದಿಷ್ಟು ಇಂಗಾಲ ತಳದ ಕೆಸರಿನಲ್ಲಿ ಹೂತುಹೋದರೆ, ಆ ಲೆಕ್ಕಕ್ಕೆ ಸರಿಯಾಗಿ ಒಂದಿಷ್ಟು ಆಮ್ಲಜನಕ ಮಿಗುತ್ತದೆ. ಗಾಳಿಯಲ್ಲಿರುವುದು ಹಾಗೆ ಕೋಟ್ಯಂತರ ವರ್ಷ ಮಿಕ್ಕಿ ಮಿಕ್ಕಿ ಕೂಡಿದ ಗಂಟು.

ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಇದು: ಪ್ಲಾಂಕ್ಟನ್‌ನಲ್ಲಿ ಎಷ್ಟು ಭಾಗ ಮುಳುಗುತ್ತದೆ? ಮುಳುಗುವ ವಿಷಯಕ್ಕೆ ಬಂದರೆ ಚಿಪ್ಪಿರುವ ಏಕಕೋಶ ಜೀವಿಗಳನ್ನು ಬಿಟ್ಟು ಮಾತಾಡಲು ಸಾಧ್ಯವೇ ಇಲ್ಲ.

ಡಯಾಟಮ್ ಮತ್ತು ರೇಡಿಯೊಲೇರಿಯಾ ಗಾಜಿನಂಥ ಸಿಲಿಕಾದಿಂದ ಚಿಪ್ಪು ಕಟ್ಟುತ್ತವೆ. ಕೊಕೊಲಿತೊಫೋರ್ ಮತ್ತು ಫೊರಾಮಿನಿಫೆರಾಗಳದ್ದು ಸುಣ್ಣದ ಚಿಪ್ಪು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಡಯಾಟಮ್, ಕೊಕೊಲಿತೊಫೋರ್‌ಗಳು ಬಿಸಿಲಿನಲ್ಲಿ ತಮ್ಮ ಆಹಾರ ತಾವೇ ಮಾಡಿಕೊಳ್ಳುತ್ತವೆ. ಉಳಿದ ಎರಡು ಬೇಟೆಗಾರರು. ತೇಲುವ ಫೊರಾಮಿನಿಫೆರಾಗಳಲ್ಲಿ ಕೆಲವಕ್ಕೆ ಮೈತುಂಬ ಮುಳ್ಳು. ಆ ಮುಳ್ಳುಗಳ ಮೇಲೆ ಅಂಟಂಟಾದ ಎಳೆ ಚಾಚಿ, ಕೋಪಿಪಾಡ್ ಎಂಬ ಪುಟ್ಟ ಸೀಗಡಿಯಂಥ ಪ್ರಾಣಿಯನ್ನೇ ಹಿಡಿದು ಅರಗಿಸಿಕೊಳ್ಳುತ್ತವೆ. ಬಾಯಿಲ್ಲ, ಹೊಟ್ಟೆಯಿಲ್ಲ, ಇರುವುದು ಒಂದೇ ಜೀವಕೋಶ. ಎಷ್ಟು ಸಲ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಈಗ ತೂಕಕ್ಕೆ ಬರೋಣ. ಒಂದು ಲೀಟರ್ ಸಮುದ್ರದ ನೀರು ಸುಮಾರು 1.03 ಕಿಲೋ ತೂಗುತ್ತದೆ. ಜೀವಕೋಶದ ಮೆತ್ತನೆಯ ಭಾಗ ಅದಕ್ಕಿಂತ ತುಸುವೇ ಭಾರ, ಹಾಗಾಗಿ ಸುಮ್ನೆ ತೇಲಾಡುತ್ತಿರುತ್ತದೆ. ಡಯಾಟಮ್‌ನ ಸಿಲಿಕಾ ನೀರಿನ ಸುಮಾರು ಎರಡು ಪಟ್ಟು ಭಾರ. ಸುಣ್ಣದ ಚಿಪ್ಪು 2.7 ಪಟ್ಟು. ಮೇಲೆ ಬದುಕಬೇಕಾದ ಜೀವಿಗೆ ಇದು ಹೊರೆಯೇ. ಸತ್ತ ಮೇಲೆ ಅದೇ ಹೊರೆ ಅದರ ಮೈಯಲ್ಲಿದ್ದ ಇಂಗಾಲವನ್ನೂ ಕೆಳಕ್ಕೆ ಎಳೆಯುತ್ತದೆ.

ಆದರೆ ಭಾರ ಇದ್ದರೆ ಸಾಲದು, ಗಾತ್ರವೂ ಬೇಕು. ಸೂಕ್ಷ್ಮ ಕಣಕ್ಕೆ ನೀರಿನ ಅಂಟುತನವೇ ದೊಡ್ಡ ತಡೆ. ಕಣದ ಅಗಲ ಹತ್ತು ಪಟ್ಟಾದರೆ ಇಳಿಯುವ ವೇಗ ಸುಮಾರು ನೂರು ಪಟ್ಟಾಗುತ್ತದೆ. ಧೂಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಅದೇ ಧೂಳನ್ನು ಉಂಡೆ ಕಟ್ಟಿ ಬಿಟ್ಟರೆ ಧಪ್ಪನೆ ಬೀಳುತ್ತದೆ ಅಲ್ವಾ? ಕೊಕೊಲಿತೊಫೋರ್‌ನ ಮೈಯಿಂದ ಉದುರಿದ ಒಂದು ಬಿಡಿ ಬಿಲ್ಲೆ ದಿನಕ್ಕೆ ಒಂದು ಗೇಣೂ ಇಳಿಯುವುದಿಲ್ಲ. 4 ಕಿಲೋಮೀಟರ್ ಕೆಳಗಿನ ತಳ ಮುಟ್ಟಲು ಅದಕ್ಕೆ ಐವತ್ತು ವರ್ಷಕ್ಕೂ ಜಾಸ್ತಿ ಬೇಕು. ಅಷ್ಟರಲ್ಲಿ ಅದು ಎಲ್ಲಿಗೋ ಕೊಚ್ಚಿಹೋಗಿರುತ್ತದೆ, ಇಲ್ಲವೇ ಕರಗಿರುತ್ತದೆ.

ಇಲ್ಲಿ ಉಂಡೆ ಕಟ್ಟುವವರು ಯಾರು? ಅದೇ ಕೋಪಿಪಾಡ್‌ಗಳು. ಅವು ಸಾವಿರಾರು ಕೊಕೊಲಿತೊಫೋರ್, ಡಯಾಟಮ್‌ಗಳನ್ನು ನುಂಗಿ, ಅರಗದ ಚಿಪ್ಪುಗಳನ್ನು ಒತ್ತಾಗಿ ಕೂಡಿಸಿ ಹಿಕ್ಕೆ ಹಾಕುತ್ತವೆ. ಚಿಪ್ಪು ತುಂಬಿದ ಹಿಕ್ಕೆ ದಿನಕ್ಕೆ ನೂರು ಮೀಟರಿಗೂ ಜಾಸ್ತಿ ಇಳಿಯಬಲ್ಲದು. ತಿಂಗಳೊಪ್ಪತ್ತಿನಲ್ಲಿ ತಳಕ್ಕೆ ಹೋಯಿತು! ಈ ವೇಗವೇ ಮುಖ್ಯ. ನಿಧಾನಕ್ಕೆ ಇಳಿದದ್ದನ್ನು ಬ್ಯಾಕ್ಟೀರಿಯಾ ಮೇಲೇ ತಿಂದು ಮತ್ತೆ ಕಾರ್ಬನ್ ಡೈಆಕ್ಸೈಡ್ ಮಾಡಿಬಿಡುತ್ತವೆ. ಬೇಗ ಇಳಿದದ್ದರ ಇಂಗಾಲ ಆಳದ ನೀರಿನಲ್ಲಿ ನೂರಾರು ವರ್ಷ ಉಳಿಯುತ್ತದೆ. ಬಿಸಿಲೇ ಕಾಣದ ತಳದಲ್ಲಿ ಬಹುಪಾಲು ಪ್ರಾಣಿಗಳ ಹೊಟ್ಟೆ ತುಂಬುವುದೂ ಹೀಗೆ ಮೇಲಿನಿಂದ ಬಿದ್ದದ್ದರಿಂದಲೇ.

ಮೇಲಿನಿಂದ ಬೀಳುತ್ತದೆ ಎಂಬ ಇಷ್ಟು ಸರಳ ವಿಷಯ ಒಪ್ಪಲು ವಿಜ್ಞಾನಿಗಳಿಗೇ ಹೊತ್ತು ಹಿಡಿಯಿತು. 1857ರಲ್ಲಿ ಟೆಲಿಗ್ರಾಫ್ ತಂತಿ ಹಾಕಲು ಅಟ್ಲಾಂಟಿಕ್ ತಳದ ಕೆಸರು ತೆಗೆದರು. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಅದರಲ್ಲಿ ಮೇಲೆ ಹೇಳಿದಂಥ ಪುಟ್ಟ ಬಿಲ್ಲೆಗಳನ್ನು ಕಂಡ. 1868ರಲ್ಲಿ ಅದೇ ಮಾದರಿಯನ್ನು ಮತ್ತೆ ನೋಡಿದಾಗ ಬಿಲ್ಲೆಗಳ ಸುತ್ತ ಲೋಳೆ ಕಾಣಿಸಿತು. ಕಡಲ ತಳವನ್ನೆಲ್ಲ ಹಬ್ಬಿದ ಆದಿಜೀವಿಯೇ ಇದು ಎಂದುಕೊಂಡು ಬ್ಯಾತಿಬಿಯಸ್ ಎಂದು ಹೆಸರಿಟ್ಟ. 1872ರಲ್ಲಿ ಕಡಲ ಸಂಶೋಧನೆಗೆ ಹೊರಟ ಚಾಲೆಂಜರ್ ಹಡಗು ಎಷ್ಟು ಹುಡುಕಿದರೂ ಆ ಜೀವಿ ಸಿಗಲಿಲ್ಲ. ಹಡಗಿನ ರಸಾಯನಜ್ಞ ಜಾನ್ ಬ್ಯುಕ್ಯಾನನ್, ಮಾದರಿ ಕೆಡದಂತೆ ಹಾಕುವ ಆಲ್ಕೊಹಾಲ್ ಸಮುದ್ರದ ನೀರಿಗೆ ಸೇರಿದಾಗ ಕ್ಯಾಲ್ಸಿಯಂ ಸಲ್ಫೇಟ್ ಲೋಳೆಯಂತೆ ಒಡೆದು ಬರುತ್ತದೆ ಎಂದು ತೋರಿಸಿದ. 1875ರಲ್ಲಿ ಹಕ್ಸ್ಲಿ ತಪ್ಪು ಒಪ್ಪಿಕೊಂಡ. ಅದೇ ಹಡಗಿನಲ್ಲಿದ್ದ ಜಾನ್ ಮರೆ ಎಂಬ ಪ್ರಕೃತಿವಿಜ್ಞಾನಿ ಮೇಲ್ಪದರದ ನೀರಿಗೆ ಬಲೆ ಬಿಟ್ಟು, ತಳದ ಕೆಸರಿನಲ್ಲಿ ಚಿಪ್ಪು ಸಿಗುತ್ತಿದ್ದ ಗ್ಲೊಬಿಜೆರಿನಾ ಎಂಬ ಫೊರಾಮಿನಿಫೆರಾವನ್ನೇ ಜೀವಂತ ಹಿಡಿದ. ಅವು ತಳದಲ್ಲೇ ಬದುಕುತ್ತವೆ ಎಂದು ನಂಬಿದ್ದ ಯಾನದ ಮುಖ್ಯಸ್ಥ ವೈವಿಲ್ ಥಾಮ್ಸನ್ ಕೂಡ ಮನಸ್ಸು ಬದಲಿಸಿದ. ಸಾಕ್ಷಿ ಸಿಕ್ಕ ಕೂಡಲೇ ನಂಬಿಕೆ ಬಿಡುವ ಈ ಗುಣ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇವತ್ತಿಗೂ ಹೋಗಿಲ್ಲ. ಸುಣ್ಣದ ಚಿಪ್ಪಿನಲ್ಲಿ ಇಂಗಾಲ ಇದೆ, ಆದ್ದರಿಂದ ಚಿಪ್ಪು ಕಟ್ಟಿದಷ್ಟೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ ಎನ್ನುತ್ತಾರೆ. ನಡೆಯುವುದು ಉಲ್ಟಾ. ಚಿಪ್ಪಿಗೆ ನೀರಿನಲ್ಲಿರುವ ಎರಡು ಬೈಕಾರ್ಬೊನೇಟ್ ಅಯಾನು ಬೇಕು. ಒಂದರ ಇಂಗಾಲ ಚಿಪ್ಪಿಗೆ ಸೇರುತ್ತದೆ, ಇನ್ನೊಂದರದ್ದು ಕಾರ್ಬನ್ ಡೈಆಕ್ಸೈಡ್ ಆಗಿ ನೀರಿಗೆ ಮರಳುತ್ತದೆ. ಚಿಪ್ಪು ಕಟ್ಟುವುದರಿಂದ ನೀರಿನಲ್ಲಿ ಆ ಅನಿಲ ಹೆಚ್ಚುತ್ತದೆ. ಲಾಭ ಬರುವುದು ಚಿಪ್ಪು ತನ್ನ ಜೊತೆಗೆ ಕೆಳಗೆ ಎಳೆದೊಯ್ಯುವ ಮೆತ್ತನೆಯ ಇಂಗಾಲದಿಂದ. ಸಿಲಿಕಾ ಚಿಪ್ಪಿನ ಡಯಾಟಮ್‌ಗೆ ಈ ತಾಪತ್ರಯವೇ ಇಲ್ಲ.

ಈಗ ಆ ತೂಕವೇ ಬದಲಾಗುತ್ತಿದೆ. ಕೈಗಾರಿಕೆ ಶುರುವಾದಾಗಿನಿಂದ ಕಡಲಿನ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ, ಅಂದರೆ ನೀರು ಆಮ್ಲದ ಕಡೆಗೆ ತುಸು ವಾಲಿದೆ. ಹೀಗಾದರೆ ಸುಣ್ಣ ಕಟ್ಟುವುದು ಕಷ್ಟ. ದಕ್ಷಿಣ ಮಹಾಸಾಗರದಲ್ಲಿ ಇಂದಿನ ಗ್ಲೊಬಿಜೆರಿನಾ ಬುಲ್ಲಾಯ್ಡಿಸ್ ಚಿಪ್ಪುಗಳು, ಕೆಸರಿನಲ್ಲಿ ಸಿಗುವ ಕೈಗಾರಿಕೆಗೆ ಮುಂಚಿನ ಅದೇ ಜಾತಿಯ ಚಿಪ್ಪುಗಳಿಗಿಂತ ಶೇ 30ರಿಂದ 35ರಷ್ಟು ಹಗುರ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚಿಪ್ಪು ತೆಳುವಾದರೆ ಅದನ್ನು ಕಟ್ಟುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅದು ಒಳ್ಳೆಯದೇ. ಆದರೆ ಆಳಕ್ಕೆ ಇಂಗಾಲ ಎಳೆಯುವ ಭಾರವೂ ಕಡಿಮೆಯಾಗುತ್ತದೆ. ಕಡಲು ಮುಂದೆ ಎಷ್ಟು ಇಂಗಾಲ ಹೀರಬಲ್ಲದು ಎಂದು ಲೆಕ್ಕ ಹಾಕುವವರು ಈ ಎರಡನ್ನೂ ಸೇರಿಸಿಕೊಳ್ಳಲೇಬೇಕು.